ಮುರಿಗೆಪ್ಪನವರ ಮೂರು ಗೆರೆ

ಮುರಿಗೆಪ್ಪನವರ ಮೇಲೆ ದೂರು ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತು ಅವರ ಬಗ್ಗೆ ಎದೆಯುಬ್ಬಿಸಿ ಮಾತಾಡುವವರಲ್ಲಿ ನಾನೇ ಮುಂದು. ಕೇಳಿದವರು ಇವಳು ಅವರ ಒಡಹುಟ್ಟಿದ ತಂಗಿಯೇ ಇರಬೇಕು ಅಂದುಕೊಳ್ಳುತ್ತಾರೆ. ತಂಗಿಯೂ ಅಲ್ಲ, ಏನೂ ಅಲ್ಲ. ಒಂದು ಜೊತೆ ಹೊಸ ಸ್ಕೇಟಿನ ಮೇಲೆ ಬಿದ್ದ ಮೂರು ಗೀರಿಗಾಗಿ, ಅರವತ್ತು ದಾಟಿದ ಮನುಷ್ಯನನ್ನು ಅವರ ಸಾಣೆ ಚಕ್ರದ ಮುಂದಿನಿಂದ ಎಬ್ಬಿಸಿದ, ಇಂಗ್ಲಿಷರ ನಾಡಿನ ಪಿನ್ನರ್‌ನ ಚಂದ್ರಿಕಾ ನಾನು.

ನನ್ನ ಮಗಳು ಸ್ಪಂದನಾ ಹನ್ನೆರಡನೇ ವಯಸ್ಸಿಗೆ ಐಸ್ ಹಾಕಿ ಹಿಡಿದಳು. ನಾನು ಭರತನಾಟ್ಯ ಎಂದೆ, ನನ್ನ ಗಂಡ ವಿನಾಯಕ ಕ್ರಿಕೆಟ್ ಎಂದರು. ಯಾರದೋ ಹುಟ್ಟುಹಬ್ಬಕ್ಕೆಂದು ಒಂದೇ ಒಂದು ಸಲ ಐಸ್ ರಿಂಕಿಗೆ ಹೋಗಿ ಬಂದವಳು ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಸ್‌ಬ್ರಿಡ್ಜ್‌ನಲ್ಲಿರುವ ನನ್ನ ಆಫೀಸಿನಿಂದ ರಿಂಕು ಕಾರಿನಲ್ಲಿ ಹತ್ತು ನಿಮಿಷ. ಹಾಗಾಗಿ ವಾರಕ್ಕೆ ಮೂರು ಸಂಜೆ ದಪ್ಪ ಕೋಟು ಹಾಕಿಕೊಂಡು, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತುಂಬಿಕೊಂಡು, ತಣ್ಣಗಿನ ಬೆಂಚಿನ ಮೇಲೆ ನಡುಗುತ್ತ ಕೂರುವುದು ನನ್ನ ಪಾಲಿಗೆ ಬಂತು.

ಆ ರಿಂಕಿನ ಮೂಲೆಯಲ್ಲಿ ಒಂದು ಕಿಷ್ಕಿಂಧೆಯಂಥ ಕೋಣೆ. ಅಲ್ಲಿ ಸ್ಕೇಟ್‌ಗಳಿಗೆ ಸಾಣೆ ಹಿಡಿಯುತ್ತಿದ್ದವರು ಮುರಿಗೆಪ್ಪ. ಹಣೆಯ ಮೇಲೆ ವಿಭೂತಿ, ಮೂಗಿನ ಮೇಲೆ ಪ್ಲಾಸ್ಟಿಕ್ ಕನ್ನಡಕ, ಎದೆಗೆ ಚರ್ಮದ ಏಪ್ರನ್. ಗೋಡೆಯ ಮೊಳೆಗೆ ಕೆಂಪು ಕಪ್ಪು ಪಟ್ಟೆಯ ಹಳೆಯ ಸ್ಕಾರ್ಫ್, ಅದರ ಮೇಲೆ ನನಗೆ ಓದಲು ಬಾರದ ರಷ್ಯನ್ ಅಕ್ಷರ. ಮೊದಲ ದಿನ ನಾನು ಮಗಳಿಗೆ ಕನ್ನಡದಲ್ಲಿ ಗದರುವುದು ಕೇಳಿಸಿ ಚಕ್ರ ನಿಲ್ಲಿಸಿ ಹೊರಗೆ ಬಂದರು.

"ಯಾವೂರವ್ವಾ ನಿಮ್ದು?"

"ಬೆಂಗಳೂರು ಸಾರ್, ಬಸವನಗುಡಿ."

"ಬರ್ರಿ ಬರ್ರಿ, ಒಳಗ ಬೆಚ್ಚಗದ," ಎಂದರು. ಮರುದಿನದಿಂದ ನನ್ನ ಕಾಫಿಯಲ್ಲಿ ಅರ್ಧ ಲೋಟ ಅವರದಾಯಿತು.

ಹೀಗೆ ಕಾಫಿ ಕುಡಿಯುತ್ತ ಅವರು ತಮ್ಮ ಕಥೆಯನ್ನು ಕಂತುಕಂತಾಗಿ ಹೇಳಿದರು. ಹುಟ್ಟಿದ್ದು ರಾಣೆಬೆನ್ನೂರಿನ ಹತ್ತಿರ. ಹದಿನೆಂಟಕ್ಕೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಟೂಲ್ ರೂಮಿಗೆ ಅಪ್ರೆಂಟಿಸ್. ಅಲ್ಲಿನ ಜಗದೇವಪ್ಪ ಮೇಸ್ತ್ರಿ ಎಂಬುವರು ಸಾಣೆ ಕಲಿಸಿದ ಗುರು. ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ವಿಭೂತಿ ಬಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಜಗದೇವಪ್ಪ ಮೇಸ್ತ್ರಿಗೆ ಮಾತ್ರ ವರ್ಷಪೂರ್ತಿ ಆಯುಧಪೂಜೆ. ಉಳಿ ಇರಲಿ, ಡ್ರಿಲ್ ಇರಲಿ, ಹರಿತ ಮಾಡಿದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೇ ಹೊರಗೆ ಕಳಿಸಬೇಕು. ಆ ಮೂರು ಗೆರೆ ಇಲ್ಲದ ಹತಾರ ಕೈಯಿಂದ ಹೊರಬಿದ್ದರೆ ಆ ಕೆಲಸ ಮುಗಿದಂತಲ್ಲ, ಅದಕ್ಕೆ ನೀನು ಜವಾಬ್ದಾರನೂ ಅಲ್ಲ ಎಂದು ಹುಡುಗರಿಗೆ ಹೇಳುತ್ತಿದ್ದರಂತೆ.

ಮುಂದೆ ಮುರಿಗೆಪ್ಪ ವಿಶಾಖಪಟ್ಟಣದ ಹೊಸ ಉಕ್ಕಿನ ಕಾರ್ಖಾನೆ ಸೇರಿ, ಅಲ್ಲಿಂದ 1985ರಲ್ಲಿ ಎರಡು ವರ್ಷದ ತರಬೇತಿಗೆ ರಷ್ಯಾಕ್ಕೆ ಹೋದರು. ಊರಿನ ಹೆಸರು ಸ್ತಲೆಗೋರ್ಸ್ಕ್. ಊರೇ ಕಾರ್ಖಾನೆ, ಕಾರ್ಖಾನೆಯೇ ಊರು. ಶಾಲೆ, ಆಸ್ಪತ್ರೆ, ಟ್ರಾಮು, ಎಲ್ಲಕ್ಕೂ ಕಾರ್ಖಾನೆಯೇ ಅಪ್ಪ. ಕಾರ್ಖಾನೆಗೆ ಒಂದು ಐಸ್ ಹಾಕಿ ತಂಡ, ಹೆಸರು ಸ್ತಲೆವಾರ್. ಉಕ್ಕು ಕಾಯಿಸುವವನು ಎಂದು ಅರ್ಥ. ಆಟಗಾರರ ಹೆಸರು ಹಾಜರಿ ಪುಸ್ತಕದಲ್ಲಿ ಫಿಟರ್, ಟರ್ನರ್ ಎಂದು ಇರುತ್ತಿತ್ತು, ಅವರು ಆಡುವುದು ಮಾತ್ರ ಐಸಿನ ಮೇಲೆ. ಬೂಟು ಹೊಲಿಯುವುದು ಒಂದು ಶಾಪಿನವರು, ಸ್ಟಿಕ್ಕು ಕೆತ್ತುವುದು ಇನ್ನೊಂದು ಶಾಪಿನವರು. ಸ್ಕೇಟಿಗೆ ಸಾಣೆ ಹಿಡಿಯುವ ಕೆಲಸ ಟೂಲ್ ಶಾಪಿನದು. ಹೊಸದಾಗಿ ಬಂದ ಇಂಡಿಯಾದವನ ಕೈ ನೋಡಿ ಅಲ್ಲಿನ ಫೋರ್‌ಮನ್ ಕ್ಯಾಪ್ಟನ್‌ನ ಸ್ಕೇಟನ್ನೇ ಅವರ ಮುಂದಿಟ್ಟನಂತೆ.

"ನಾ ಸಾಣಿ ಹಿಡದು, ಊರಿಂದ ತಂದಿದ್ದ ವಿಭೂತಿ ಹಚ್ಚಿ ಕೊಟ್ಟೆ. ಆ ಫೋರ್‌ಮನ್ ಹೊಲಸು ಅಂತ ಅರಬಿ ತಗೊಂಡು ವರಸಿಬಿಟ್ಟ. ಮರುದಿನಾನೂ ಹಚ್ಚಿದೆ, ಮತ್ತ ವರಸಿದ. ಮೂರನೇ ದಿನ ಸಿಟ್ಟು ಬಂತು ನೋಡ್ರಿ. ಗೀರುಮೊಳಿ ತಗೊಂಡು ಹಿಮ್ಮಡಿ ಕಡೆ ಬ್ಲೇಡಿನ ಮ್ಯಾಲೆ ಮೂರು ಗೆರಿ ಕೊರದೆ. ಈಗ ವರಸು ಮಗನ ಅಂದೆ."

"ಬೈಲಿಲ್ವಾ?"

"ಅವತ್ತು ಕ್ಯಾಪ್ಟನ್ ಮೂರು ಗೋಲ್ ಹೊಡದ. ಯಾರು ಬೈತಾರ? ಆ ವರ್ಷ ಕಪ್ಪೂ ನಮ್ದ ಆತು. ನಾ ಬರೂವಾಗ ಈ ಸ್ಕಾರ್ಫ್ ಕೊಟ್ಟು ಕಳಿಸಿದ್ರು."

ನಾನು ತಲೆಯಾಡಿಸಿದೆ. ಒಳಗೊಳಗೆ, ಈ ವಯಸ್ಸಿನವರಿಗೆ ಇಂಥ ಕಥೆ ಒಂದಿರಲೇಬೇಕು ಎಂದುಕೊಂಡೆ. ಮುರಿಗೆಪ್ಪನವರ ಹೆಂಡತಿ ವಿಶಾಲಾಕ್ಷಿ ನರ್ಸ್. 2001ರಲ್ಲಿ ಆಕೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಇವರು ಹಿಂದೆಯೇ ಬಂದರು. ಉಕ್ಕಿನ ಕಾರ್ಖಾನೆಯವರಿಗೆ ಈ ಊರಿನಲ್ಲಿ ಏನು ಕೆಲಸ? ಟೂಟಿಂಗ್‌ನ ದೋಸೆ ಹೋಟೆಲುಗಳ ಚಾಕು, ತೆಂಗಿನಕಾಯಿ ತುರಿಯುವ ಮಣೆ ಹರಿತ ಮಾಡಿಕೊಂಡು ಒಂದಷ್ಟು ದಿನ ಟ್ಯೂಬ್ ರೈಲಿನಲ್ಲಿ ಓಡಾಡಿ, ಕೊನೆಗೆ ಈ ಕೋಣೆ ಸೇರಿದ್ದರು. ಇಲ್ಲಿ ಹದಿನೈದು ವರ್ಷ ಅವರ ಕೈಯಿಂದ ಹೊರಬಿದ್ದ ಪ್ರತಿ ಬ್ಲೇಡಿನ ಹಿಮ್ಮಡಿಯ ಹತ್ತಿರ ಮೂರು ಸಣ್ಣ ಗೆರೆ ಇರುತ್ತಿತ್ತು. ಅಷ್ಟು ವರ್ಷ ಯಾರೂ ತಕರಾರು ತೆಗೆದಿರಲಿಲ್ಲ.

ತೆಗೆದವಳು ನಾನು. 2019ರ ಮೇ ತಿಂಗಳು, ಸ್ಪಂದನಾಳಿಗೆ ಹೊಸ ಸ್ಕೇಟ್ ಕೊಡಿಸಿದೆವು. ಅವಳು ಒಂದು ವರ್ಷ ಕಾದು, ತಾನೇ ಆರಿಸಿ ತಂದದ್ದು. ಅವತ್ತು ಆಫೀಸಿನಲ್ಲಿ ಬಾಸ್ ಜೊತೆ ಜಗಳವಾಡಿ ನನ್ನ ತಲೆ ಕೆಟ್ಟಿತ್ತು. ಮುರಿಗೆಪ್ಪ ಸಾಣೆ ಹಿಡಿದು ಕೊಟ್ಟ ಸ್ಕೇಟನ್ನು ಬೆಳಕಿಗೆ ಹಿಡಿದು ನೋಡಿದರೆ ಕನ್ನಡಿಯಂಥ ಉಕ್ಕಿನ ಮೇಲೆ ಮೂರು ಗೀರು.

"ಏನ್ರೀ ಇದು? ಹೊಸದ್ರೀ! ಇವತ್ತು ಡಬ್ಬದಿಂದ ತೆಗ್ದಿದ್ದು!"

"ಅದು ವಿಭೂತಿ ಇದ್ದಂಗವ್ವಾ. ಹೇಳಿದ್ನಲ್ಲ..."

"ಆ ರಷ್ಯಾ ಕಥೆ ಎಲ್ಲಾ ನಂಗೆ ಬೇಡ. ಸುಳ್ಳು ಹೇಳ್ಕೊಂಡು ಬೇರೆಯವರ ವಸ್ತು ಗೀಚೋದು ಯಾವ ನ್ಯಾಯ?"

ಸ್ಪಂದನಾ ನನ್ನ ತೋಳು ಎಳೆದು, "ಅಮ್ಮಾ, ಸ್ಟಾಪ್ ಇಟ್, ಐ ಲೈಕ್ ದೆಮ್," ಎಂದಳು. ನಾನು ನಿಲ್ಲಿಸಲಿಲ್ಲ. ಸಿಟ್ಟು ನೆತ್ತಿಗೇರಿದರೆ ನನಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆ. ರಾತ್ರಿ ಊಟಕ್ಕೆ ಮೊದಲೇ ರಿಂಕಿನ ಮ್ಯಾನೇಜರ್‌ಗೂ ಅದರ ಮಾಲೀಕರಿಗೂ ಈಮೇಲ್ ಹೋಯಿತು. ವಸ್ತು ಹಾಳು ಮಾಡಿದ್ದಲ್ಲದೆ ಅದನ್ನು ಮುಚ್ಚಿಕೊಳ್ಳಲು ಕಟ್ಟುಕಥೆ ಹೇಳಿದ್ದಾರೆ ಎಂದು ಬರೆದಿದ್ದೆ.

ಮ್ಯಾನೇಜರ್ ಓಸ್ವಿನ್ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ಮೃದು ಸ್ವಭಾವದವರು. ಮುಂದಿನ ವಾರ ನನ್ನನ್ನು ಪಕ್ಕಕ್ಕೆ ಕರೆದರು.

"ಎಂತ ಮಾಡುದು ಹೇಳಿ ಮೇಡಂ. ಮಾಲೀಕರು ಕಾಗದದಲ್ಲೇ ಬರ್ದು ಕಳ್ಸಿದ್ದಾರೆ, ಯಾವ ಸ್ಕೇಟ್ ಮೇಲೂ ಗುರುತು ಹಾಕ್ಲಿಕ್ಕಿಲ್ಲ ಅಂತ. ನಾನು ಇವ್ರಿಗೆ ಹೇಳಿದೆ, ಮಾರಾಯ್ರೆ, ಗೆರೆ ಒಂದು ಬಿಟ್ಟುಬಿಡಿ, ಕೆಲ್ಸ ಮಾಡಿ ಅಂತ. ಕೇಳುದೇ ಇಲ್ಲ ಅವ್ರು."

ಮುರಿಗೆಪ್ಪ ಕೇಳಿರಲಿಲ್ಲ. ಗೆರೆ ಹಾಕದ ಬ್ಲೇಡು ತಮ್ಮ ಕೈಯಿಂದ ಹೊರಗೆ ಹೋಗುವುದಿಲ್ಲ, ಅಷ್ಟೇ ಎಂದರಂತೆ. ಬೇಸಿಗೆ ಮುಗಿಯುವವರೆಗೆ ಅವರನ್ನು ಬಾಡಿಗೆ ಸ್ಕೇಟ್ ಕೊಡುವ ಕೌಂಟರಿಗೆ ಹಾಕಿದರು. ಸೆಪ್ಟೆಂಬರಿಗೆ ಮನಸ್ಸು ಬದಲಾಗದಿದ್ದರೆ ಆ ಕೋಣೆಯನ್ನೇ ಮುಚ್ಚಿ, ಸಾಣೆಯ ಕೆಲಸವನ್ನು ಪೂರ್ತಿ ಹೊರಗಿನ ಅಂಗಡಿಗೆ ಕೊಡುವುದು ಎಂದು ತೀರ್ಮಾನವಾಯಿತು. ಆ ಕೋಣೆಯ ಗೋಡೆಯ ಮೇಲೆ, ಸ್ಕಾರ್ಫಿನ ಪಕ್ಕದಲ್ಲೇ, ಗುರುತು ಹಾಕಕೂಡದು ಎಂಬ ನೋಟೀಸು ಅಂಟಿಸಿದರು.

ಕೌಂಟರಿನಲ್ಲಿ ಮುರಿಗೆಪ್ಪ ಯಾರ ಮೇಲೂ ಮುಖ ಗಂಟು ಹಾಕಲಿಲ್ಲ. ಮಕ್ಕಳ ಕಾಲಿನ ಅಳತೆ ಕೇಳಿ ಸ್ಕೇಟ್ ಕೊಡುವುದು, ಒದ್ದೆ ಸ್ಕೇಟ್ ಒರೆಸಿ ಇಡುವುದು. ನನಗೂ ನಮಸ್ಕಾರ ಹೇಳುತ್ತಿದ್ದರು. ಕಾಫಿ ಮಾತ್ರ ಬೇಡ ಎನ್ನುತ್ತಿದ್ದರು. ಒಂದು ದಿನ ನಾನೇ ಹೋಗಿ, ಗೆರೆ ಹಾಕದೆ ಇದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ.

"ಕೆಲಸ ಹೋದ್ರ ಹೋಗ್ಲಿ ಬಿಡ್ರಿ," ಎಂದರು. "ನೀವು ಸುಳ್ಳ ಅಂದ್ರಲ್ಲ, ಅದು ಭಾಳ ಕೆಟ್ಟ ಅನಸ್ತು."

ಇತ್ತ ಹೊರಗಿನ ಅಂಗಡಿಯಿಂದ ಸಾಣೆಯಾಗಿ ಬಂದ ಸ್ಕೇಟಿನಲ್ಲಿ ಸ್ಪಂದನಾ ತಿರುವಿನಲ್ಲಿ ಜಾರಿ ಬೀಳತೊಡಗಿದಳು. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತಗ್ಗು ಕೊರೆಯುತ್ತಾರೆ, ಅದರ ಎರಡು ಅಂಚೂ ಒಂದೇ ಸಮ ಇದ್ದರೆ ಮಾತ್ರ ಐಸು ಹಿಡಿತಕ್ಕೆ ಸಿಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೇ ಮುರಿಗೆಪ್ಪ. ಮಗಳು ಮೊಣಕಾಲು ಉಜ್ಜಿಕೊಳ್ಳುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನಾನು ಫೋನು ನೋಡುತ್ತಿದ್ದೆ.

ಜುಲೈನಲ್ಲಿ ಓಸ್ವಿನ್ ಒಂದು ಸುದ್ದಿ ತಂದರು. ರಷ್ಯಾದ ಸ್ತಲೆವಾರ್ ಕ್ಲಬ್ಬು ಸೀಸನ್ನಿಗೆ ಮುಂಚಿನ ಪ್ರವಾಸದಲ್ಲಿ ನಮ್ಮ ರಿಂಕಿನಲ್ಲಿ ಇಲ್ಲಿನ ತಂಡದ ಜೊತೆ ಒಂದು ಸ್ನೇಹಪಂದ್ಯ ಆಡಲಿದೆ. ಈಗ ಅಂಥ ತಂಡಗಳು ಈ ಕಡೆ ಬರುವ ಕಾಲವಲ್ಲ, ಆಗ ಬರುತ್ತಿದ್ದವು. ಅವರಿಗೊಂದು ಪತ್ರ ಬರೆಯಿರಿ ಎಂದು ಎರಡು ವರ್ಷ ಓಸ್ವಿನ್‌ರ ತಲೆ ತಿಂದಿದ್ದವರು ಮುರಿಗೆಪ್ಪನವರೇ.

ನನ್ನ ಬುದ್ಧಿ ನೋಡಿ. ನನಗೆ ಮೊದಲು ಹೊಳೆದದ್ದು, ಈಗ ಇವರ ಬಣ್ಣ ಬಯಲಾಗುತ್ತದೆ ಎಂದು. ಮೂವತ್ತಮೂರು ವರ್ಷದ ಹಿಂದೆ ಟೂಲ್ ಶಾಪಿನಲ್ಲಿದ್ದ ಇಂಡಿಯಾದವನೊಬ್ಬ ಯಾರಿಗೆ ನೆನಪಿರುತ್ತಾನೆ? ಕ್ಲಬ್ಬಿನವರು ಇವರನ್ನು ಯಾರು ಎಂದು ಕೇಳಿದಾಗ ನಾನು ಅಲ್ಲೇ ಇರಬೇಕು ಎಂದು ಆಸೆಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಸೆಪಟ್ಟದ್ದು ನಿಜ.

ಆಗಸ್ಟಿನ ಆ ಶನಿವಾರ ಮಧ್ಯಾಹ್ನ ರಿಂಕು ತುಂಬಿತ್ತು. ಸ್ಪಂದನಾಳ ತಂಡದ ಮಕ್ಕಳಿಗೆ ಅತಿಥಿಗಳ ಸಾಮಾನು ಹಿಡಿಯುವ ಕೆಲಸ, ಅಮ್ಮಂದಿರಿಗೆ ಮಕ್ಕಳನ್ನು ಕಾಯುವ ಕೆಲಸ. ಮುರಿಗೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೊರಳಿಗೆ ಆ ಹಳೆಯ ಸ್ಕಾರ್ಫ್ ಸುತ್ತಿ, ಬಾಡಿಗೆ ಕೌಂಟರಿನ ಹಿಂದೆ ನೆಟ್ಟಗೆ ನಿಂತಿದ್ದರು. ಆಟಗಾರರು ಒಬ್ಬೊಬ್ಬರಾಗಿ ಬಂದರು, ಎಲ್ಲ ಇಪ್ಪತ್ತೈದರ ಒಳಗಿನ ಹುಡುಗರು. ಮುರಿಗೆಪ್ಪನವರ ಎದುರೇ ಹಾದುಹೋದರು. ಯಾರೂ ಅವರತ್ತ ತಿರುಗಿ ನೋಡಲಿಲ್ಲ. ನನಗೆ ಗೆದ್ದೆ ಅನ್ನಿಸಬೇಕಿತ್ತು, ಯಾಕೋ ಅನ್ನಿಸಲಿಲ್ಲ.

ಅಷ್ಟರಲ್ಲಿ ತಂಡದ ಸಾಮಾನು ನೋಡಿಕೊಳ್ಳುವ ಗೆನ್ನಾದಿ ಎಂಬಾತ ಕೈ ಆಡಿಸುತ್ತ ಓಸ್ವಿನ್‌ರ ಹತ್ತಿರ ಓಡಿ ಬಂದ. ಐವತ್ತರ ಸುಮಾರಿನ ಗಟ್ಟಿ ಆಳು, ಹರುಕುಮುರುಕು ಇಂಗ್ಲಿಷ್. ಅವರ ಸಾಣೆ ಯಂತ್ರದ ಪೆಟ್ಟಿಗೆ ವಿಮಾನದಲ್ಲಿ ಬಂದೇ ಇಲ್ಲ. ಉಳಿದವರ ಸ್ಕೇಟ್ ಊರಿನಲ್ಲೇ ಹರಿತವಾಗಿದೆ, ಕ್ಯಾಪ್ಟನ್‌ಗೆ ಮಾತ್ರ ಹೊಚ್ಚ ಹೊಸ ಬ್ಲೇಡು ಹಾಕಬೇಕು, ಅದಕ್ಕಿನ್ನೂ ಸಾಣೆಯಾಗಿಲ್ಲ. ಆಟಕ್ಕೆ ಐವತ್ತು ನಿಮಿಷ ಇತ್ತು. ಓಸ್ವಿನ್ ಕೋಣೆಯ ಬಾಗಿಲು ತೆರೆದುಕೊಟ್ಟರು. ಆತ ಒಂದು ಹಳೆಯ ಬ್ಲೇಡನ್ನು ಚಕ್ರಕ್ಕೆ ಹಿಡಿದು ನೋಡಿ, ಅಂಚು ಮುಟ್ಟಿ, ಏನೋ ಬೈದುಕೊಂಡು ಪಕ್ಕಕ್ಕೆ ಎಸೆದ. ಆ ಚಕ್ರ ಕೊಂಚ ಎಡಕ್ಕೆ ಎಳೆಯುತ್ತದೆ. ಅದು ಗೊತ್ತಿದ್ದದ್ದು ಒಂದೇ ಕೈಗೆ.

ಎಸೆದ ಬ್ಲೇಡು ಸ್ಪಂದನಾಳ ಕಾಲ ಬಳಿ ಬಿತ್ತು. ಅವಳು ಎತ್ತಿಕೊಂಡವಳು, "ಅಮ್ಮಾ," ಎಂದಳು. "ಲುಕ್."

ಹಿಮ್ಮಡಿಯ ಹತ್ತಿರ ಮೂರು ಗೆರೆ.

ನಾನು ಕೇಳುವ ಮೊದಲೇ ಅವಳು ಮೇಜಿನ ಮೇಲಿದ್ದ ಚೀಲದೊಳಗೆ ಇಣುಕಿದಳು. ಅದರಲ್ಲಿದ್ದ ಒಂದೊಂದು ಹಳೆಯ ಬ್ಲೇಡಿನ ಮೇಲೂ ಮೂರು ಗೆರೆ. ಇದೇನು ಎಂದು ಗೆನ್ನಾದಿಯನ್ನು ಕೇಳಿದವಳೂ ಅವಳೇ. ಆತ ಅವಸರದಲ್ಲೇ ವಿವರಿಸಿದ. ಅವರ ಟೂಲ್ ಶಾಪಿನಲ್ಲಿ ಇದು ಕಾನೂನು. ಕೊನೆಯಲ್ಲಿ ಚಕ್ರಕ್ಕೆ ಬರೀ ಸೋಕಿದಂತೆ ಮೂರು ಸಲ ಹಾಯಿಸಬೇಕು, ಹಾಯಿಸಿದ್ದಕ್ಕೆ ಗುರುತಾಗಿ ಮೂರು ಗೀರು ಹಾಕಬೇಕು. ಇದಕ್ಕೆ ಇಂಡಿಯನ್ ಸಾಣೆ ಎಂದೇ ಹೆಸರು. ಕಪ್ ಗೆದ್ದ ವರ್ಷ ಯಾರೋ ಒಬ್ಬ ಇಂಡಿಯಾದ ಕುಶಲಕರ್ಮಿ ಶುರು ಮಾಡಿದ್ದಂತೆ. ತನಗೆ ಕಲಿಸಿದ ಹಳೆಯ ಫೋರ್‌ಮನ್ ಹೇಳಿದ್ದು, ಆ ಇಂಡಿಯಾದವನು ಈಗ ಬದುಕಿದ್ದಾನೋ ಇಲ್ಲವೋ ತನಗೆ ಗೊತ್ತಿಲ್ಲ ಎಂದ.

ಸ್ಪಂದನಾ ಆಗಲೇ ಕೌಂಟರಿನತ್ತ ಓಡಿದ್ದಳು. ಮುರಿಗೆಪ್ಪನವರ ಕೈ ಹಿಡಿದು ಎಳೆದುಕೊಂಡೇ ಬಂದಳು.

ಗೆನ್ನಾದಿ ಮೊದಲು ನೋಡಿದ್ದು ಸ್ಕಾರ್ಫನ್ನು. ಆಮೇಲೆ ಹಣೆಯ ಮೇಲಿನ ಮೂರು ಪಟ್ಟೆಯನ್ನು. ಆಮೇಲೆ ಬ್ಲೇಡನ್ನು, ಮತ್ತೆ ಹಣೆಯನ್ನು. ಮುರಿಗೆಪ್ಪ ತುಕ್ಕು ಹಿಡಿದ ರಷ್ಯನ್‌ನಲ್ಲಿ ಏನೋ ಹೇಳಿದರು, ಅದರಲ್ಲಿ ನನಗೆ ತಿಳಿದದ್ದು ಅವರ ಹೆಸರು ಮತ್ತು ಇಸವಿ. ಆ ಗಟ್ಟಿ ಮನುಷ್ಯ ಅವರನ್ನು ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟ. ಇಬ್ಬರೂ ಮಾತಾಡುತ್ತ ಮಾತಾಡುತ್ತ ಮುರಿಗೆಪ್ಪ ಥಟ್ಟನೆ ನಿಂತು, ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕೇಳಿದ್ರ್ಯಾ ಓಸ್ವಿನ್? ಮೂರು ಗೆರಿ ನೋಡಿ ಮೂರು ಸಲ ತಿಕ್ಕಬೇಕು ಅಂದ್ಕೊಂಡಾರ! ನಾ ತಿಕ್ಕಿದ್ದು ಎರಡ ಸಲ! ನಮ್ಮ ಮೇಸ್ತ್ರಿ ಹಚ್ಚಿದ ವಿಭೂತಿ ಮೂವತ್ತಮೂರು ವರ್ಷ ಇವರ ಕೈಲೆ ಒಂದು ಸಲ ಹೆಚ್ಗಿ ಸಾಣಿ ಹಿಡಿಸೇದಲ್ರೀ!"

ಹೊತ್ತು ಓಡುತ್ತಿತ್ತು. ಗೆನ್ನಾದಿ ಕ್ಯಾಪ್ಟನ್‌ನ ಹೊಸ ಬ್ಲೇಡುಗಳನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ. ಮುರಿಗೆಪ್ಪ ಓಸ್ವಿನ್‌ರತ್ತ ನೋಡಿದರು. ಓಸ್ವಿನ್ ಹೂಂ ಎಂದರು. ಏಪ್ರನ್ ಕಟ್ಟಿಕೊಂಡು ಮೂರು ತಿಂಗಳ ಮೇಲೆ ಅವರು ಚಕ್ರದ ಮುಂದೆ ಕೂತರು. ಕಿಡಿ ಹಾರಿತು. ಚಕ್ರ ಎಡಕ್ಕೆ ಎಳೆದಷ್ಟನ್ನೂ ಅವರ ಮಣಿಕಟ್ಟು ಬಲಕ್ಕೆ ತರುತ್ತಿತ್ತು. ಎರಡು ಬ್ಲೇಡೂ ಮುಗಿದವು. ಅಂಚಿನ ಮೇಲೆ ನಾಣ್ಯವೊಂದನ್ನು ಅಡ್ಡ ಇಟ್ಟು, ಸಮ ಇದೆಯೇ ಎಂದು ಕಣ್ಣು ಸಣ್ಣ ಮಾಡಿ ನೋಡಿದರು. ಗೆನ್ನಾದಿ ಕೈ ಚಾಚಿದ.

ಮುರಿಗೆಪ್ಪ ಕೊಡಲಿಲ್ಲ.

ಎರಡೂ ಬ್ಲೇಡನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತರು. ಆಟಕ್ಕೆ ಇಪ್ಪತ್ತು ನಿಮಿಷ. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಗೆನ್ನಾದಿಗೆ ಅರ್ಥವಾಗದೆ ಹಿಮ್ಮಡಿಯ ಜಾಗ ತೋರಿಸಿ, ಗೀರು ಎಲ್ಲಿ ಎಂದು ಕೇಳಿದ. ಮುರಿಗೆಪ್ಪ ಗೋಡೆಯ ಮೇಲಿನ ನೋಟೀಸನ್ನು ತೋರಿಸಿದರು. ಓಸ್ವಿನ್ ಆ ನೋಟೀಸು ನೋಡಿ, ಆಮೇಲೆ ತಿರುಗಿ ನನ್ನನ್ನು ನೋಡಿದರು. ಮಗಳೂ ನೋಡಿದಳು. ಮಾತಾಡಬೇಕಾದವಳು ನಾನೇ ಆಗಿದ್ದೆ.

ನಾನು ಗೋಡೆಯ ಹತ್ತಿರ ಹೋಗಿ ಆ ಕಾಗದವನ್ನು ಕಿತ್ತೆ. ಟೇಪು ಗಟ್ಟಿಯಾಗಿತ್ತು, ಅರ್ಧ ಹರಿದು ಬಂತು, ಉಳಿದದ್ದನ್ನು ಉಗುರಿನಿಂದ ಕೆರೆದು ತೆಗೆದೆ.

"ಮಾಲೀಕರಿಗೆ ನಾನೇ ಬರೀತೀನಿ ಓಸ್ವಿನ್. ದೂರು ವಾಪಸ್," ಎಂದೆ. ಆಮೇಲೆ ಮುರಿಗೆಪ್ಪನವರ ಕಡೆ ತಿರುಗಿದೆ. "ನಾನು ನಿಮ್ಮನ್ನ ಸುಳ್ಳುಗಾರ ಅಂದೆ ಸಾರ್. ತಪ್ಪಾಯ್ತು. ಗೆರೆ ಹಾಕಿ."

ಮುರಿಗೆಪ್ಪ ಏಪ್ರನ್ನಿನ ಜೇಬಿನಿಂದ ಗೀರುಮೊಳೆ ತೆಗೆದರು. ಮೂರು ತಿಂಗಳು ಅದು ಅಲ್ಲೇ ಇತ್ತು. ಒಂದು, ಎರಡು, ಮೂರು. ಇನ್ನೊಂದು ಬ್ಲೇಡಿಗೂ ಮೂರು. ಆಮೇಲೆ ಎರಡನ್ನೂ ಎತ್ತಿ ಗೆನ್ನಾದಿಯ ಕೈಗೆ ಕೊಟ್ಟರು.

ಸ್ತಲೆವಾರ್ ಐದು ಗೋಲಿನಿಂದ ಗೆದ್ದಿತು. ಆಟ ಮುಗಿದ ಮೇಲೆ ಇಡೀ ತಂಡ ಆ ಕಿಷ್ಕಿಂಧೆ ಕೋಣೆಯ ಬಾಗಿಲಿಗೆ ಬಂತು. ಒಬ್ಬೊಬ್ಬ ಹುಡುಗನೂ ಹೆಲ್ಮೆಟ್ ತೆಗೆದು ಅವರ ಕೈ ಕುಲುಕಿದ. ಡ್ಯೂಟಿ ಮುಗಿಸಿ ನರ್ಸ್ ಸಮವಸ್ತ್ರದಲ್ಲೇ ಬಂದ ವಿಶಾಲಾಕ್ಷಿ ಬಾಗಿಲಲ್ಲಿ ನಿಂತು, "ಇವರು ಮನ್ಯಾಗ ಹೇಳಿದಾಗ ನಾನೂ ಅರ್ಧ ಅಷ್ಟ ನಂಬಿದ್ದೆ," ಎಂದು ನನ್ನ ಕಿವಿಯಲ್ಲಿ ಹೇಳಿ ಸೆರಗಿಲ್ಲದ ಸಮವಸ್ತ್ರದ ತೋಳಿನಲ್ಲೇ ಕಣ್ಣೊರೆಸಿಕೊಂಡರು. ನನಗೆ ಹೆಮ್ಮೆಯಾಯಿತು. ಏನು ಹಕ್ಕಿತ್ತೋ ಗೊತ್ತಿಲ್ಲ, ಆದರೆ ನನ್ನ ಕಡೆಯವರು ಎಂದು ಹೆಮ್ಮೆಯಾಯಿತು.

ಎಲ್ಲರೂ ಹೋದ ಮೇಲೆ ಸ್ಪಂದನಾ ತನ್ನ ಸ್ಕೇಟ್‌ಗಳನ್ನು ತಂದು ಮೇಜಿನ ಮೇಲಿಟ್ಟಳು. ದೂರು ಕೊಟ್ಟ ವಾರವೇ ನಾನು ಹಟ ಹಿಡಿದು ಬ್ಲೇಡು ಬದಲಿಸಿದ್ದೆ, ಈಗಿನವು ನುಣ್ಣಗಿದ್ದವು. ಮುರಿಗೆಪ್ಪ ಒಂದನ್ನು ಚಕ್ರದ ಹತ್ತಿರ ಹಿಡಿದು ಅವಳನ್ನು ಕೇಳಿದರು.

"ಎಷ್ಟು ಸಲ ತಿಕ್ಕಲವ್ವಾ, ಎರಡೋ ಮೂರೋ?"

ಸ್ಪಂದನಾ ಯೋಚಿಸಿದಳು. "ಮೂರು, ಅಜ್ಜ," ಎಂದಳು, ಕನ್ನಡದಲ್ಲೇ.

"ಹೌದ ಬಿಡು. ಅವರು ಇಷ್ಟು ವರ್ಷ ನನ್ನ ಹೆಸರಿಲೆ ಮಾಡ್ಯಾರ, ನಾ ಅವರ ಹೆಸರಿಲೆ ಮಾಡಬಾರ್ದೇನು?"

ಅವತ್ತಿನಿಂದ ಅವರು ಮೂರು ಸಲವೇ ಹಾಯಿಸುತ್ತಾರೆ. ಅವತ್ತು ಮೂರನೆಯ ಸಲ ಹಾಯಿಸಿ, ಚಕ್ರ ನಿಲ್ಲಿಸಿ, ಗೀರುಮೊಳೆ ಎತ್ತಿಕೊಂಡು ನನ್ನ ಮುಖ ನೋಡಿದರು. ನಾನು ಫ್ಲಾಸ್ಕು ಕೆಳಗಿಟ್ಟು, ಮಗಳ ಸ್ಕೇಟನ್ನು ಅಲುಗಾಡದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ.